ಎಕ್ಸ್‌ರೇ ಕೋಣೆಯ ಅರಿಶಿನ ಕೊಂಬು

ಸವಳಂಗದ ಬಸ್ ನಿಲ್ದಾಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡ ಬೈಕುಗಳು ಒಂದೊಂದಾಗಿ ಹೊರಡುತ್ತಿವೆ. ಹೋಟೆಲಿನವನು ದಿನದ ಮೊದಲ ಟೀಯನ್ನು ರಸ್ತೆಗೆ ಚೆಲ್ಲಿ ಒಳಗೆ ಹೋಗುತ್ತಾನೆ. ಬಸ್ಸಿಗೆ ಕಾಯುವವರೆಲ್ಲ ದೀಪದ ಕಂಬದ ಕೆಳಗೆ ಗುಂಪಾಗಿದ್ದಾರೆ. ಒಬ್ಬ ಹೆಂಗಸು ಮಾತ್ರ ತಂಗುದಾಣದ ಗೋಡೆಯ ಹಿಂದೆ, ಬೆಳಕು ಬೀಳದ ಕಡೆ, ಬಟ್ಟೆಯ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಾರೆ.

ಅವರ ಹೆಸರು ಅಂತರಘಟ್ಟಮ್ಮ. ವಯಸ್ಸು ಐವತ್ತು ದಾಟಿದೆ. ಅಲ್ಲೇಕೆ ನಿಲ್ಲುತ್ತೀರಿ, ಕತ್ತಲಲ್ಲಿ ನಾಯಿಗಳಿರುತ್ತವಲ್ಲ ಎಂದು ಕೇಳಿದೆ.

“ಎಲ್ಲಾರೂ ಬೆಳಗ್ಗೆದ್ದು ಕೆಲಸಕ್ಕೆ ಹೊರಟಿರ್ತಾರಲ್ರೀ ಅಮ್ಮ. ಎದುರಿಗೆ ನನ್ನ ಮಖ ಯಾಕೆ ಬೀಳಬೇಕು? ಯಾರೂ ಏನೂ ಅಂದಿಲ್ಲ. ನಂಗೇ ಹಂಗೆ ರೂಢಿ ಆಗೈತೆ.”

ಗಂಡ ತಿಪ್ಪೇಶಪ್ಪ ತೀರಿಕೊಂಡು ಹನ್ನೆರಡು ವರ್ಷವಾಗಿದೆ. ಅಷ್ಟು ವರ್ಷದಿಂದಲೂ ಅವರು ನಿಲ್ಲುವುದು ಆ ಗೋಡೆಯ ಹಿಂದೆಯೇ.

ರಾತ್ರಿ ಸವಳಂಗದಲ್ಲೇ ತಂಗಿದ್ದ ಬಸ್ಸು ಹೊರಡುತ್ತದೆ. ಕಂಡಕ್ಟರ್ ರೇವಣ್ಣ ಟಿಕೆಟ್ ಯಂತ್ರಕ್ಕೆ ಕೈಮುಗಿದು, ಮುಂದಿನ ಸೀಟುಗಳಲ್ಲಿ ಕೂತವರನ್ನೆಲ್ಲ ದಾಟಿ ಹಿಂದಕ್ಕೆ ಬರುತ್ತಾರೆ. ದಿನದ ಮೊದಲ ಟಿಕೆಟನ್ನು ಅಂತರಘಟ್ಟಮ್ಮನಿಗೆ ಹರಿದುಕೊಡುತ್ತಾರೆ. ಹೆಂಗಸರಿಗೆ ಈಗ ಬಸ್ಸಿನಲ್ಲಿ ದುಡ್ಡಿಲ್ಲ, ಆ ಟಿಕೆಟಿನಿಂದ ಬೋಣಿಯೇನೂ ಆಗುವುದಿಲ್ಲ. ಆದರೂ ಮೊದಲ ಟಿಕೆಟ್ ಯಾರ ಕೈಗೆ ಹೋಗಬೇಕು ಎಂಬುದರ ಬಗ್ಗೆ ಕಂಡಕ್ಟರುಗಳಿಗೆ ಅವರದೇ ನಂಬಿಕೆಗಳಿರುತ್ತವೆ. ರೇವಣ್ಣ ಟಿಕೆಟ್ ಕೊಟ್ಟು ಮುಂದಕ್ಕೆ ಹೋಗುತ್ತಾರೆ. ಅಂತರಘಟ್ಟಮ್ಮ ಅದನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಳ್ಳುತ್ತಾರೆ.

ನ್ಯಾಮತಿಯ ಹೊರಗೆ, ಹೊನ್ನಾಳಿ ರಸ್ತೆಯಲ್ಲಿ, ಒಂದು ಟ್ರಸ್ಟಿನ ಸಣ್ಣ ಆಸ್ಪತ್ರೆಯಿದೆ. ಅಂತರಘಟ್ಟಮ್ಮ ಅಲ್ಲಿ ಕಸ ಗುಡಿಸಿ ನೆಲ ಒರೆಸುವ ಕೆಲಸಕ್ಕೆ ಇದ್ದಾರೆ. ಗುತ್ತಿಗೆದಾರನ ಪಟ್ಟಿಯಲ್ಲಿ ಅವರಿಗೆ ಇರುವುದು ಅದೊಂದೇ ಕೆಲಸ. ಆದರೆ ನಾನು ಅವರನ್ನು ಹುಡುಕಿಕೊಂಡು ಬಂದದ್ದು ಪಟ್ಟಿಯಲ್ಲಿಲ್ಲದ ಅವರ ಇನ್ನೊಂದು ಕೆಲಸವನ್ನು ನೋಡಲು. ನೆಲ ಒಣಗುವ ಹೊತ್ತಿಗೆ ಅವರು ನಲ್ಲಿಯಲ್ಲಿ ಕೈಕಾಲು ತೊಳೆದು, ಎಕ್ಸ್‌ರೇ ಕೋಣೆಯ ಬಾಗಿಲ ಪಕ್ಕದ ಮರದ ಸ್ಟೂಲಿನ ಮೇಲೆ ಕೂರುತ್ತಾರೆ. ಚೀಲದಿಂದ ಒಣಗಿದ ಅರಿಶಿನದ ಕೊಂಬುಗಳನ್ನು ತೆಗೆಯುತ್ತಾರೆ. ಬಿಳಿ ದಾರಕ್ಕೆ ಒದ್ದೆ ಅರಿಶಿನ ಸವರಿ, ಒಂದೊಂದು ಕೊಂಬಿಗೂ ಗಂಟು ಹಾಕಿ, ಕಿಟಕಿಯ ಸರಳಿಗೆ ತೂಗುಬಿಡುತ್ತಾರೆ. ಅರಿಶಿನ ಹಚ್ಚಿಕೊಳ್ಳುವುದನ್ನು ಬಿಟ್ಟ ಅವರ ಕೈಗಳು ಹೀಗೆ ದಿನವಿಡೀ ಹಳದಿಯಾಗಿರುತ್ತವೆ.

ಎಕ್ಸ್‌ರೇ ತೆಗೆಯುವಾಗ ಕೊರಳಲ್ಲಿ ಲೋಹ ಇರಬಾರದು. ಸರ ತೆಗೆಯಿರಿ ಎಂದರೆ ಹೆಂಗಸರು ಸರ ತೆಗೆಯುತ್ತಾರೆ, ತಾಳಿ ತೆಗೆಯುವುದಿಲ್ಲ. ಗಂಡ ಬದುಕಿರುವಾಗ ಬರಿಗೊರಳಲ್ಲಿ ನಿಲ್ಲುವುದು ಹೇಗೆ? ಆ ಹೊತ್ತಿನಲ್ಲಿ ಅಂತರಘಟ್ಟಮ್ಮ ಸರಳಿನಿಂದ ಒಂದು ದಾರ ಬಿಡಿಸಿ ಕೊಡುತ್ತಾರೆ. ಅವರಾಗಿ ಕಟ್ಟುವುದಿಲ್ಲ. ಬಂದವಳೇ ಕಟ್ಟಿಕೊಳ್ಳಬೇಕು, ಇಲ್ಲವೇ ಜೊತೆಗೆ ಬಂದ ಅತ್ತೆಯೋ ಅಕ್ಕನೋ ಕಟ್ಟಬೇಕು. ಕೊಂಬು ಕೊರಳಿಗೆ ಬಿದ್ದ ಮೇಲೆ ತಾಳಿ ಹೊರಗೆ ಬರುತ್ತದೆ. ಅದನ್ನು ಇಡಲು ಅವರು ಮನೆಯಿಂದ ತಂದ ತಾಮ್ರದ ತಟ್ಟೆ ಚಾಚುತ್ತಾರೆ. ತಟ್ಟೆಯಲ್ಲಿ ನಾಲ್ಕು ಕಾಳು ಅಕ್ಕಿ ಇರುತ್ತದೆ. ಕೊಂಬನ್ನು ಭುಜದ ಮೇಲಕ್ಕೆ ಸರಿಸಿ ಒಳಗೆ ಕಳಿಸುತ್ತಾರೆ. ಫೋಟೋ ಆಗುವವರೆಗೆ ತಟ್ಟೆ ಹಿಡಿದುಕೊಂಡೇ ಇರುತ್ತಾರೆ. ನೆಲದ ಮೇಲಾಗಲೀ ಮೇಜಿನ ಮೇಲಾಗಲೀ ಇಡುವುದಿಲ್ಲ.

ಹೊರಗೆ ಬಂದವರು ತಾಳಿ ಹಾಕಿಕೊಂಡು, ಗುಂಡು ಸರಿಮಾಡಿಕೊಂಡು, ಅವರ ಕಡೆ ತಿರುಗುತ್ತಾರೆ. ಕೋಣೆಯಲ್ಲಿ ಕನ್ನಡಿ ಇಲ್ಲ. “ಸರಿ ಐತಾ ನೋಡಕ್ಕಾ,” ಎನ್ನುತ್ತಾರೆ. ಅವರು ನೋಡಿ, ಎಡಕ್ಕೆ, ಇನ್ನೊಂಚೂರು, ಹಾಂ ಎನ್ನುತ್ತಾರೆ. ಕೊಂಬು ಅವರವರ ಮನೆಗೆ ಹೋಗುತ್ತದೆ. ಒಬ್ಬರ ಕೊರಳಿನದು ಇನ್ನೊಬ್ಬರಿಗೆ ಆಗುವುದಿಲ್ಲ.

ಇದಿಷ್ಟೇ ಅವರ ಕೆಲಸ. ಈ ಕೆಲಸಕ್ಕೆ ಹೆಸರಿಲ್ಲ, ಸಂಬಳವೂ ಇಲ್ಲ. ಈಗ ಆಸ್ಪತ್ರೆಗೆ ಹೊಸ ಯಂತ್ರ, ಹೊಸ ಕೋಣೆ ಬರುತ್ತಿದೆ. ಆ ಕೋಣೆಯ ನಕ್ಷೆಯಲ್ಲಿ ಮರದ ಸ್ಟೂಲು ಇರಲಿಲ್ಲ.

ಆಸ್ಪತ್ರೆ ನಡೆಯುವುದು ದಾನದಿಂದ. ಯಂತ್ರಗಳು ಬರುವುದು ಅನುದಾನದಿಂದ. ಹಿರಿಯ ವೈದ್ಯೆ ಸುಚಿತ್ರಾ ರೋಗಿಗಳನ್ನು ನೋಡಿ ಮುಗಿಸಿದ ಮೇಲೆ ಅರ್ಜಿ ಬರೆಯಲು ಕೂರುತ್ತಾರೆ. ನಾಲ್ಕು ವರ್ಷದ ಹಿಂದೆ ಒಂದು ಪ್ರತಿಷ್ಠಾನ ಅವರ ಅರ್ಜಿಗೆ ಒಪ್ಪಿ ಡಿಜಿಟಲ್ ಎಕ್ಸ್‌ರೇ ಯಂತ್ರಕ್ಕೆ ಅನುದಾನ ಕೊಟ್ಟಿತು. ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದು ಒಣಗಿಸುವ ಕಾಲ ಮುಗಿಯಿತು. ಈಗ ಚಿತ್ರ ನೇರ ಕಂಪ್ಯೂಟರಿಗೆ ಬರುತ್ತದೆ, ಮಧ್ಯಾಹ್ನದೊಳಗೆ ಶಿವಮೊಗ್ಗದ ತಜ್ಞರೊಬ್ಬರು ನೋಡಿ ವರದಿ ಕಳಿಸುತ್ತಾರೆ. ಯಂತ್ರ, ಕಂಪ್ಯೂಟರು, ಸ್ಟೆಬಿಲೈಸರು, ಎ.ಸಿ. ಎಲ್ಲವೂ ಅನುದಾನದಲ್ಲಿ ಬಂದವು.

“ಗ್ರಾಂಟಲ್ಲಿ ಮೆಷಿನ್ನಿಗೆ ಕೊಡ್ತಾರೆ ಮೇಡಂ, ಸ್ಟೂಲ್ ಮೇಲೆ ಕೂರೋರಿಗೆ ಕೊಡಲ್ಲ,” ಎನ್ನುತ್ತಾರೆ ಸುಚಿತ್ರಾ. ದೂರುವ ಧ್ವನಿಯಲ್ಲ, ಅಭ್ಯಾಸವಾದ ಧ್ವನಿ.

ಯಂತ್ರ ಬಂದ ಹೊಸದರಲ್ಲಿ ನಾಗರತ್ನ ಎಂಬ ಹೆಣ್ಣುಮಗಳು ಕೆಮ್ಮಿಗೆ ತೋರಿಸಿಕೊಳ್ಳಲು ಬಂದಿದ್ದಳು. ಗಂಡನ ಮನೆ ಚನ್ನಗಿರಿ ತಾಲ್ಲೂಕಿನ ನಲ್ಲೂರು, ತವರು ಇಲ್ಲೇ ಪಕ್ಕದ ಹಳ್ಳಿ. ಎಕ್ಸ್‌ರೇ ತೆಗೆಯುವ ನಿಂಗರಾಜ್ ಬಾಗಿಲ ಹೊರಗಿನಿಂದ ಎಲ್ಲ ತೆಗೆದಿರಾ ಎಂದು ಕೇಳಿದ. ತೆಗೆದೆ ಎಂದಳು. ಆದರೆ ಅವಳು ತಾಳಿಯನ್ನು ಬೆನ್ನಿಗೆ ತಿರುಗಿಸಿ ಕುಪ್ಪಸದೊಳಗೆ ತುರುಕಿಕೊಂಡಿದ್ದಳು. ಎದೆಯ ಮೇಲೆ ಇಲ್ಲ ಅಂದಮೇಲೆ ಎದೆಯ ಫೋಟೋದಲ್ಲಿ ಹೇಗೆ ಬಂದೀತು ಎಂಬುದು ಅವಳ ಲೆಕ್ಕ. ಚಿತ್ರದಲ್ಲಿ ಬಲಭುಜದ ಕೆಳಗೆ ಅಚ್ಚ ಬಿಳಿಯ ಎರಡು ಬಿಲ್ಲೆ ಬಿದ್ದವು. ತಾಳಿ ಎಂದು ಗೊತ್ತಾಯಿತು. ಅದು ಏನನ್ನು ಮರೆಮಾಡಿದೆ ಎಂಬುದು ಗೊತ್ತಾಗಲಿಲ್ಲ. ಇನ್ನೊಮ್ಮೆ ತೆಗೆಯಬೇಕು ಎನ್ನುವಷ್ಟರಲ್ಲಿ ಅವಳು ಬಸ್ಸು ಹತ್ತಿಯಾಗಿತ್ತು. ಕಳ್ಳತನ ಬಯಲಾದೀತೆಂಬ ನಾಚಿಕೆಗೋ ಏನೋ, ಫೋನಿಗೂ ಸಿಗಲಿಲ್ಲ. ಮಳೆಗಾಲ ಕಳೆದು ಮತ್ತೆ ಬಂದಾಗ ಎರಡು ಕಡೆ ತೋಳು ಹಿಡಿದು ಇಳಿಸಬೇಕಾಯಿತು. ಬಿಲ್ಲೆಗಳ ಹಿಂದೆ ಇದ್ದದ್ದು ಕ್ಷಯದ ಮೊದಲ ಕಲೆ. ಅಷ್ಟರಲ್ಲಿ ಅದು ಹಬ್ಬಿತ್ತು.

ಆಮೇಲೆ ನಿಂಗರಾಜ್ ಕಟ್ಟುನಿಟ್ಟಾದ. ತಾಳಿ ತೆಗೆಯದಿದ್ದರೆ ಒಳಗೆ ಬಿಡುವುದಿಲ್ಲ ಎಂದ. ಹೆಂಗಸರು ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, ಯಾರಿಗೂ ಹೇಳದೆ ಎದ್ದು ಹೋಗತೊಡಗಿದರು. ಅದನ್ನು ಕಂಡವರು ಕಾರಿಡಾರು ಒರೆಸುತ್ತಿದ್ದ ಅಂತರಘಟ್ಟಮ್ಮ. ಒರೆಸುವವರಿಗೆ ಕಾಲುಗಳು ಕಾಣುತ್ತವೆ.

“ಬೆಂಚಿನ ಕೆಳಗೆ ಒರೆಸಾಕೆ ಹೋದಾಗ ಚಪ್ಪಲಿ ಇರ್ತಿದ್ವು. ತಿರುಗಿ ಬರೋದ್ರೊಳಗೆ ಇರ್ತಿರಲಿಲ್ಲ. ಎಕ್ಸ್‌ರೇ ಬಾಗ್ಲು ಮಾತ್ರ ತೆಗ್ದೇ ಇರಲಿಲ್ಲ. ಇವ್ರು ಹಂಗೇ ಹೋದ್ರು ಅಂತ ತಿಳೀತು.”

ಅಕ್ಕಸಾಲಿಗನ ಹತ್ತಿರ ತಾಳಿ ರಿಪೇರಿಗೆ ಕೊಟ್ಟಾಗ ಹೆಂಗಸರು ಅರಿಶಿನ ಕೊಂಬು ಕಟ್ಟಿಕೊಳ್ಳುವುದು ಈ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ಅಂತರಘಟ್ಟಮ್ಮ ಮರುದಿನ ಅಂಗಡಿಯಿಂದ ಒಂದು ಹಿಡಿ ಕೊಂಬು ತಂದರು. ತಾವೇ ಕೊಡಲು ಧೈರ್ಯ ಸಾಲದೆ ನರ್ಸ್ ಕಾವ್ಯಶ್ರೀಯ ಕೈಗೆ ಕೊಟ್ಟರು. ಕಾವ್ಯಶ್ರೀಗೆ ವಾರ್ಡಿನಿಂದ ಕರೆ ಬಂತು. ಕಾಯುತ್ತಿದ್ದವಳು ಕೈ ಚಾಚಿಕೊಂಡೇ ಇದ್ದಳು. ಆವತ್ತು ಅಂತರಘಟ್ಟಮ್ಮ ತಾವೇ ಕೊಟ್ಟದ್ದು, ಈವರೆಗೂ ನಡೆದಿದೆ.

ಈಗ ದಿನಕ್ಕೆ ನಲವತ್ತರ ಆಸುಪಾಸು ಎಕ್ಸ್‌ರೇ ಆಗುತ್ತವೆ, ಅರ್ಧಕ್ಕೂ ಹೆಚ್ಚು ಹೆಂಗಸರದು. ಕೊಂಬುಗಳು ಈಗ ಅಂಗಡಿಯವಲ್ಲ. ವಾಸಿಯಾದ ನಾಗರತ್ನ ತನ್ನ ಹಿತ್ತಲಿನ ಅರಿಶಿನವನ್ನು ಬೇಯಿಸಿ ಒಣಗಿಸಿ, ಸುಗ್ಗಿಗೊಮ್ಮೆ ಒಂದು ಚೀಲ ಬಸ್ಸಿನಲ್ಲಿ ಹಾಕಿ ಕಳಿಸುತ್ತಾಳೆ. ಚೀಲದ ಬಾಯಿಗೆ ಪ್ರತಿ ಸಲವೂ ಹೊಸ ಬಟ್ಟೆಯ ತುಂಡು ಕಟ್ಟಿರುತ್ತದೆ. ಆ ತುಂಡುಗಳನ್ನೆಲ್ಲ ಅಂತರಘಟ್ಟಮ್ಮ ತೆಗೆದಿಟ್ಟುಕೊಂಡಿದ್ದಾರೆ.

ಎಲ್ಲರೂ ಅವರ ಕೈಯಿಂದ ದಾರ ತೆಗೆದುಕೊಳ್ಳುತ್ತಾರೆ ಎಂದಲ್ಲ. ಕೆಲವರು ಅವರ ಬರಿಹಣೆ ನೋಡಿ ಹಿಂದೆ ಸರಿಯುತ್ತಾರೆ. ಯಾವ ಊರು, ಯಾವ ಕೇರಿ ಎಂದು ಕೇಳುವವರೂ ಇದ್ದಾರೆ. ನಾನಿದ್ದ ದಿನವೇ ಒಬ್ಬ ಅತ್ತೆ, ತಾಳಿ ಮುಟ್ಟೋಕೆ ಬೇರೆ ಯಾರೂ ಇಲ್ವಾ ಎಂದು ಎಲ್ಲರಿಗೂ ಕೇಳುವ ಹಾಗೆ ಸೊಸೆಗೆ ಹೇಳಿದರು. ಅಂತರಘಟ್ಟಮ್ಮ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು, ಗೋಡೆಗೆ ಒತ್ತಿ ನಿಂತರು. ಸೊಸೆ ತಾನೇ ದಾರ ಬಿಡಿಸಿಕೊಂಡಳು. ಎಕ್ಸ್‌ರೇ ಆಯಿತು. ಹೋಗುವಾಗ ಆ ಹುಡುಗಿ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಅಂತರಘಟ್ಟಮ್ಮನ ಕೈಗೇ ಕೊಟ್ಟು ಹೋದಳು. ಅತ್ತೆ ನೋಡಲಿಲ್ಲ.

“ಬೇಜಾರ್ ಮಾಡ್ಕೊಂಡ್ರೆ ಕೆಲಸ ಆಗಲ್ರಿ,” ಎಂದು ಅವರು ಮತ್ತೆ ದಾರ ಹೊಸೆಯತೊಡಗಿದರು.

ಮಧ್ಯಾಹ್ನ ಎಲ್ಲರೂ ನರ್ಸುಗಳ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತಾರೆ. ಅಂತರಘಟ್ಟಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ, ಒಗೆದ ಬೆಡ್‌ಶೀಟುಗಳು ಒಣಗುವ ಕಡೆ, ರೊಟ್ಟಿ ತಿನ್ನುತ್ತಾರೆ. ಬಾ ಎಂದು ಕಾವ್ಯಶ್ರೀ ದಿನವೂ ಕರೆಯುತ್ತಾಳಂತೆ. ಹೋಗುವುದಿಲ್ಲ. ಮನೆಯಲ್ಲೂ ಅವರೊಬ್ಬರೇ. ಮಗಳು ರಮ್ಯಶ್ರೀಯನ್ನು ಜಗಳೂರಿಗೆ ಕೊಟ್ಟಿದ್ದಾರೆ, ವರ್ಷಕ್ಕೊಮ್ಮೆ ಬರುತ್ತಾಳೆ. ಸಂಜೆ ಬೀಗ ತೆಗೆದು ಒಳಗೆ ಹೋದ ಮೇಲೆ ಬೆಳಗಿನವರೆಗೆ ಮಾತು ಬೇಕಾಗುವುದಿಲ್ಲ ಎಂದರು. ಕೆಲವು ಸಲ ಭಾನುವಾರ ಕಳೆದು ಸೋಮವಾರ ಬಸ್ಸಿನಲ್ಲಿ ಬಾಯಿ ತೆರೆದಾಗ ಗಂಟಲು ಕಟ್ಟಿರುತ್ತದಂತೆ.

ಮಗಳ ಮದುವೆಯ ಮಾತು ಅವರೇ ತೆಗೆದರು. ತಾಳಿ ಕಟ್ಟುವ ಮೊದಲು ಅದನ್ನು ತಟ್ಟೆಯಲ್ಲಿಟ್ಟು ಚಪ್ಪರದಲ್ಲಿದ್ದವರ ಮುಂದೆಲ್ಲ ಒಯ್ಯುತ್ತಾರೆ. ಹಿರಿಯರು ಮುಟ್ಟಿ ಹರಸುತ್ತಾರೆ. ಹೆತ್ತ ತಾಯಿ ಅಡುಗೆಯವರ ಕಡೆ ಸೌಟು ಎಣಿಸುವ ನೆಪದಲ್ಲಿ ಹಿಂದೆ ಉಳಿದರು.

“ತಟ್ಟೆ ನನ್ನ ಕಡೆ ಬರೋ ಹಂಗಿತ್ತು. ನಾನೇ ಆಚೆ ಹೋದೆ. ಮಗಳ ತಾಳಿ ನಾನು ಮುಟ್ಟಿಲ್ರೀ. ಇಲ್ಲಿ ನೋಡಿದ್ರೆ ದಿನಾ ಊರೋರ ತಾಳಿ ಹಿಡ್ಕೊಂಡು ನಿಲ್ತೀನಿ.”

ಹೇಳಿ ಅವರು ನಕ್ಕರು. 

ಹೊಸ ಅನುದಾನದ ಸಂಗತಿಗೆ ಬರೋಣ. ಈ ಸಲದ್ದು ಸ್ತನದ ಗಂಟು ಪತ್ತೆ ಮಾಡುವ ಯಂತ್ರ. ಹೊನ್ನಾಳಿ, ನ್ಯಾಮತಿಯ ಹೆಂಗಸರು ಆ ಪರೀಕ್ಷೆಗೆ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಬೇಕು, ಬಹಳ ಜನ ಹೋಗುವುದೇ ಇಲ್ಲ. ಅದೇ ಪ್ರತಿಷ್ಠಾನ ಯಂತ್ರದ ಜೊತೆಗೆ ಹೆಂಗಸರಿಗಾಗಿ ಬಟ್ಟೆ ಬದಲಿಸುವ ಕೋಣೆಯನ್ನೂ ಕೊಡಲು ಒಪ್ಪಿತು. ಎರಡೂ ಪರೀಕ್ಷೆಗೆ ಒಂದೇ ಕೋಣೆ. ನಕ್ಷೆಯಲ್ಲಿ ಪರದೆ ಇತ್ತು, ಗೋಡೆಯುದ್ದದ ಕನ್ನಡಿ ಇತ್ತು, ಒಡವೆ ಇಡಲು ಬೀಗದ ಸ್ಟೀಲ್ ಪೆಟ್ಟಿಗೆಗಳ ಸಾಲು ಇತ್ತು. ಕೀಲಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಒಳಗೆ ಹೋದರಾಯಿತು. ಯಾರೂ ಕೂರುವ ಅಗತ್ಯವಿಲ್ಲ. ಹಾಗಾದರೆ ಘಟ್ಟಕ್ಕನನ್ನು ಬಟ್ಟೆ ಒಗೆಯುವ ಕಟ್ಟಡಕ್ಕೆ ಹಾಕುತ್ತೇನೆ ಎಂದು ಗುತ್ತಿಗೆದಾರ ಹೇಳಿಯೂ ಆಗಿತ್ತು. ಆಸ್ಪತ್ರೆಯಲ್ಲಿ ಎಲ್ಲರೂ ಅಂತರಘಟ್ಟಮ್ಮನನ್ನು ಕರೆಯುವುದು ಘಟ್ಟಕ್ಕ ಎಂದೇ.

ಅಂತರಘಟ್ಟಮ್ಮ ದಾರಕ್ಕೆ ಅರಿಶಿನ ಸವರುವುದನ್ನು ನಿಲ್ಲಿಸಿದರು ಎಂದು ಕಾವ್ಯಶ್ರೀ ನೆನೆಯುತ್ತಾಳೆ. ಇದ್ದಷ್ಟು ಮುಗಿಯಲಿ ಎಂದರಂತೆ.

ಹೋದ ತಿಂಗಳು ಪ್ರತಿಷ್ಠಾನದಿಂದ ರಕ್ಷಾ ಎಂಬ ಹುಡುಗಿ ಬಂದಳು. ಸರಳ ಹುಡುಗಿ, ಎಲ್ಲರ ಹೆಸರು ಕೇಳಿ ನೆನಪಿಟ್ಟುಕೊಂಡಳು. ಮಾದರಿಗೆಂದು ಒಂದು ಪೆಟ್ಟಿಗೆ ತಂದು ಎಕ್ಸ್‌ರೇ ಬಾಗಿಲಲ್ಲಿ ಇರಿಸಿದ್ದಳು. ಅವತ್ತು ಬೆಳಗ್ಗೆ ಮೊದಲು ಬಂದವರು ಸಾಸ್ವೆಹಳ್ಳಿಯ ಗಾದ್ರಮ್ಮ. ಎಪ್ಪತ್ತರ ಮೇಲಿನ ವಯಸ್ಸು, ತಿಂಗಳಿಂದ ಬಿಡದ ಕೆಮ್ಮು. ಗಂಡ ಚಿಕ್ಕಹನುಮಂತಪ್ಪ ಹೊರಗೆ ಬೆಂಚಿನ ಮೇಲಿದ್ದರು. ಮುಂದಿನದನ್ನು ನನಗೆ ನಿಂಗರಾಜ್ ಹೇಳಿದ, ನಡುವೆ ನಡುವೆ ಕಾವ್ಯಶ್ರೀ ತಿದ್ದಿದಳು.

ಗಾದ್ರಮ್ಮ ಕೊಂಬು ಕಟ್ಟಿಕೊಂಡರು. ಹೊಸ ಪೆಟ್ಟಿಗೆಯಲ್ಲಿ ತಾಳಿ ಇಟ್ಟರು. ಕೀಲಿಯನ್ನು ರಕ್ಷಾ ಅವರ ಕೈಗೆ ಕಟ್ಟಿದಳು. ಒಳಗೆ ಹೋಗಿ ಯಂತ್ರದ ಹಲಗೆಗೆ ಎದೆ ಒತ್ತಿ ನಿಂತರು. ಉಸಿರು ಹಿಡಿಯಿರಿ ಎಂದಾಗ ಹಿಡಿದರು. ಹಿಡಿದವರು ಪೆಟ್ಟಿಗೆ ಅಲ್ಲೇ ಇದೆಯೋ ಎಂದು ಬಾಗಿಲ ಕಡೆ ತಿರುಗಿ ನೋಡಿದರು. ಚಿತ್ರ ಕಲೆಸಿಹೋಯಿತು. ಎರಡನೆಯ ಸಲವೂ ಹಾಗೆಯೇ.

“ಅಜ್ಜಿ, ಅಲ್ಲಾಡಬ್ಯಾಡ್ರಿ, ಪೆಟ್ಟಿಗೆ ಎಲ್ಲಿಗೂ ಓಡಿಹೋಗಲ್ಲ,” ಎಂದನಂತೆ ನಿಂಗರಾಜ್.

“ನೀನು ಉಸ್ರು ಹಿಡಿ ಅಂದೋನು ಬಿಡು ಅನ್ನಾದು ಮರ್ತುಬಿಟ್ಟೆ. ಇಲ್ಲೇ ಸತ್ತಿದ್ರೆ ಏನ್ ಮಾಡ್ತಿದ್ದೆ?” ಎಂದು ಗಾದ್ರಮ್ಮ ಅವನಿಗೇ ತಿರುಗಿಬಿದ್ದರು. “ಹೊರಗೆ ಕೂತಾನಲ್ಲ ನಮ್ಮ ಯಜಮಾನ, ಅವನ ಹೆಸರಿಂದು. ಕಬ್ಬಿಣದ ಪೆಟ್ಟಿಗೇಲಿ ಹಾಕಿ ಬೀಗ ಜಡಿದ್ರೆ ನಂಗೆ ಇಲ್ಲಿ ಉಸ್ರು ನಿಲ್ತೈತೇನಪ್ಪ?”

ಮೂರನೆಯ ಸಲ ಸುಮ್ಮನೆ ತೆಗೆಯುವ ಹಾಗಿರಲಿಲ್ಲ. ಒಬ್ಬರ ಮೈಗೆ ಎಷ್ಟು ಸಲ ಎಂದು ಕಿರಣ ಬಿಡುವುದು? ನಿಂಗರಾಜ್ ಡಾಕ್ಟರ್ ಸುಚಿತ್ರಾರನ್ನು ಕರೆಸಿದ. ಅಷ್ಟರಲ್ಲಿ ಗಾದ್ರಮ್ಮ ಹೊರಗೆ ಬಂದು, ಪೆಟ್ಟಿಗೆ ತೆಗೆಸಿ, ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸುತ್ತ ನೋಡಿದರು. ಬಕೆಟ್ಟು ಹಿಡಿದು ಕಾರಿಡಾರಿನ ತುದಿಯಲ್ಲಿ ಅಂತರಘಟ್ಟಮ್ಮ ಹೋಗುತ್ತಿದ್ದರು. ಅವತ್ತು ಅವರಿಗೆ ಸ್ಟೂಲು ಇರಲಿಲ್ಲ.

“ಏ ತಾಯಿ, ಬಾ ಇಲ್ಲಿ.”

ಅವರು ಬಂದರು. ಕೈ ಒರೆಸಿಕೊಂಡು ತಟ್ಟೆ ತರುತ್ತೇನೆ ಎಂದರು. ತಟ್ಟೆ ಯಾಕೆ ಎಂದು ಗಾದ್ರಮ್ಮ ಅವರ ಬಲಗೈ ಎಳೆದು, ಅಂಗೈ ಬಿಡಿಸಿ, ತಾಳಿಯನ್ನು ಅದರೊಳಗಿಟ್ಟು ಬೆರಳು ಮಡಿಸಿದರು. ಆ ಕೈಗೆ ಯಾರೂ ತಾಳಿ ಕೊಟ್ಟಿರಲಿಲ್ಲ. ತಟ್ಟೆಗೆ ಕೊಟ್ಟಿದ್ದರು. ಅಂತರಘಟ್ಟಮ್ಮ ತಾನು ಹೀಗೆ ಎಂದು ಹಣೆಯ ಕಡೆ ಕೈ ತೋರಿಸಲು ಹೋದರು. ಕಾಣ್ತೈತೆ, ಕಣ್ಣೇನು ಕುರುಡಾಗಿಲ್ಲ ಎಂದು ಆ ಮುದುಕಿ ಒಳಗೆ ಹೋದರು.

ಎಕ್ಸ್‌ರೇ ತೆಗೆಯುವವನು ನಿಲ್ಲುವ ಗೂಡಿಗೆ ಸೀಸದ ಗಾಜಿನ ಒಂದು ಕಿಟಕಿಯಿದೆ. ಸುಚಿತ್ರಾ ಅಂತರಘಟ್ಟಮ್ಮನನ್ನು ಆ ಗಾಜಿನ ಹಿಂದೆ ನಿಲ್ಲಿಸಿದರು. ಹಲಗೆಗೆ ಎದೆಯಿಟ್ಟು ನಿಂತವರಿಗೆ ಕತ್ತು ತಿರುಗಿಸದೆ ಓರೆಗಣ್ಣಿನಲ್ಲಿ ಅದು ಕಾಣುತ್ತದೆ. ಅಂತರಘಟ್ಟಮ್ಮ ಮುಚ್ಚಿದ ಮುಷ್ಟಿಯನ್ನು ಗಾಜಿನ ಹತ್ತಿರ ಎತ್ತಿ ಹಿಡಿದರು. ಗಾದ್ರಮ್ಮ ಉಸಿರು ಹಿಡಿದು ಕಲ್ಲಿನ ಹಾಗೆ ನಿಂತರು. ಚಿತ್ರ ಸ್ಪಷ್ಟವಾಗಿ ಬಂತು. ಇದ್ದದ್ದು ನಿಮೋನಿಯಾ, ಗುಳಿಗೆಗೆ ಇಳಿಯಿತು.

ಪೆಟ್ಟಿಗೆಗಳನ್ನು ರಕ್ಷಾ ನಕ್ಷೆಯಿಂದ ತೆಗೆಯಲಿಲ್ಲ. ಕಿವಿಯೋಲೆ, ಬಳೆ, ಮೊಬೈಲು ಇಡಲು ಬೇಕಾಗುತ್ತವೆ ಎಂದಳು. ನಕ್ಷೆಯಲ್ಲಿ ಹೊಸ ಕೋಣೆಯ ಗಾಜಿನ ಕಿಟಕಿಯ ಒಳಗಡೆ ಪೆನ್ಸಿಲಿನಲ್ಲಿ ಒಂದು ಸಣ್ಣ ಚೌಕ ಎಳೆದು, ಇಲ್ಲಿ ಒಂದು ಕುರ್ಚಿ ಎಂದು ಬರೆದಳು. ಕುರ್ಚಿಗೆ ಅನುದಾನ ಬರುತ್ತದೆ. ಕೂರುವವರಿಗೆ ಬರುವುದಿಲ್ಲ. ಸುಚಿತ್ರಾ ಗುತ್ತಿಗೆದಾರನ ಜೊತೆ ಮಾತಾಡಿ, ಘಟ್ಟಕ್ಕ ಬೆಳಿಗ್ಗೆ ನೆಲ ಒರೆಸುವಷ್ಟು ಹೊತ್ತು ಅವನ ಕೆಲಸಕ್ಕೆ, ಉಳಿದ ಹೊತ್ತು ಈ ಬಾಗಿಲಿಗೆ ಎಂದು ಒಪ್ಪಿಸಿದ್ದಾರೆ. ಸಂಬಳ ಮೊದಲಿನದೇ. ಹೊಸ ಕೋಣೆಯ ಗೋಡೆ ಈಗ ಸೊಂಟದೆತ್ತರಕ್ಕೆ ಬಂದಿದೆ.

ಸಂಜೆ ಬಸ್ಸಿಗೆ ಹೊರಡುವ ಮೊದಲು ನಾವಿಬ್ಬರೂ ಆ ಗೋಡೆಯ ಹತ್ತಿರ ಹೋಗಿ ನಿಂತೆವು. ಕುರ್ಚಿ ಬರುವ ಜಾಗ ಇದು, ಪರದೆ ಅಲ್ಲಿ ಎಂದು ಅವರು ತೋರಿಸಿದರು. ಇಟ್ಟಿಗೆಯ ಮೇಲೆ ಕೈಯಾಡಿಸಿದಾಗ ಹಳದಿ ಅಂಟಿತು. ಹೊಸ ಕೋಣೆಯಲ್ಲಿ ನಿಮಗೆ ಏನಿರಬೇಕು ಅನ್ನಿಸುತ್ತದೆ, ಡಾಕ್ಟರಿಗೆ ಹೇಳುತ್ತೇನೆ ಎಂದೆ. ಫ್ಯಾನೋ, ಕುಡಿಯುವ ನೀರೋ ಕೇಳಬಹುದು ಎಂದುಕೊಂಡಿದ್ದೆ.  ಅವರು ಎದುರಿನ ಗೋಡೆ ತೋರಿಸಿದರು. ಕನ್ನಡಿ ಬರುವ ಗೋಡೆ ಅದು.

“ಏನೂ ಬ್ಯಾಡ್ರೀ ಅಮ್ಮ. ಆ ಕನ್ನಡಿ ಒಂದು ಹಾಕ್ಸಬ್ಯಾಡ್ರಿ ಅಂತ ಹೇಳ್ತೀರಾ? ಕನ್ನಡಿ ಇದ್ರೆ ಎಲ್ಲಾರೂ ಕನ್ನಡಿ ನೋಡ್ಕೊಂತಾರೆ. ಈಗ ತಾಳಿ ಹಾಕ್ಕೊಂಡು, ನನ್ನ ಮಖ ನೋಡಿ ಕೇಳ್ತಾರೆ, ಸರಿ ಐತಾ ಅಂತ.”